ಸ್ಟೌಟಿನ ಕಹಿ ಎಷ್ಟು ಹಳೆಯದು?

ಸ್ಟೌಟ್ ಬಿಯರಿನ ಮೊದಲ ಗುಟುಕಿನಲ್ಲಿ ನಾಲಿಗೆಗೆ ಸಿಗುವುದು ಹುರಿದ ಕಾಫಿಬೀಜದ ಕಹಿ. ಆಮೇಲೆ ಸಿಹಿಯಿಲ್ಲದ ಚಾಕೊಲೇಟಿನ ಒಗರು, ಕೊನೆಗೆ ಸೀದ ರೊಟ್ಟಿಯ ಅಂಚಿನ ವಾಸನೆ. ಬಣ್ಣವಂತೂ ಥೇಟ್ ಡಿಕಾಕ್ಷನ್ನಿನದು. ಹಳೆಯ ಲಂಡನ್ನಿನ ರುಚಿಯೇ ಇದು ಎಂದು ಸುಲಭವಾಗಿ ಅನ್ನಿಸಿಬಿಡುತ್ತದೆ. ನಾಲಿಗೆಯ ಈ ಸಾಕ್ಷಿಯನ್ನು ಚರಿತ್ರೆಯ ವಿದ್ಯಾರ್ಥಿ ನಂಬಬಹುದೇ?

ಮೊದಲು ಹೆಸರನ್ನೇ ನೋಡೋಣ. ಬಿಯರಿಗೆ ‘ಸ್ಟೌಟ್’ ಎಂಬ ಮಾತು 1677ರ ಒಂದು ಹಸ್ತಪ್ರತಿಯಲ್ಲಿ ಸಿಗುತ್ತದೆ. ಆಗ ಅದರ ಅರ್ಥ ‘ಗಟ್ಟಿ’ ಎಂದಷ್ಟೇ. ತಿಳಿಬಣ್ಣದ ಸ್ಟೌಟ್ ಕೂಡ ಇತ್ತು. 18ನೆಯ ಶತಮಾನದಲ್ಲಿ ಲಂಡನ್ನಿನ ಹಮಾಲರು ಮೆಚ್ಚಿ ಕುಡಿದ ಕಂದು ಬಿಯರಿಗೆ ಅವರ ಕಸುಬಿನಿಂದಲೇ ‘ಪೋರ್ಟರ್’ ಎಂಬ ಹೆಸರು ಬಂತು. ಅದರ ಗಟ್ಟಿ ಬಗೆ ‘ಸ್ಟೌಟ್ ಪೋರ್ಟರ್’. ಮುಂದೆ ಸ್ಟೌಟ್ ಎಂಬುದಷ್ಟೇ ಉಳಿಯಿತು.

ಆ ಪೋರ್ಟರಿನ ಬಣ್ಣ ಬರುತ್ತಿದ್ದುದು ಕಂದು ಮಾಲ್ಟಿನಿಂದ, ಅಂದರೆ ಮೊಳಕೆ ಬರಿಸಿ ಬಿಸಿಯಲ್ಲಿ ಕಂದಾಗುವಂತೆ ಒಣಗಿಸಿದ ಬಾರ್ಲಿಯಿಂದ. ಶತಮಾನದ ಕೊನೆಯ ಹೊತ್ತಿಗೆ ಹೈಡ್ರೋಮೀಟರ್ ಬಿಯರ್ ತಯಾರಕರ ಕೈಗೆ ಬಂತು. ಅಗ್ಗವೆಂದುಕೊಂಡಿದ್ದ ಕಂದು ಮಾಲ್ಟಿನಲ್ಲಿ ಅಮಲಾಗಿ ಮಾರ್ಪಡುವ ಸಕ್ಕರೆ ಬಹಳ ಕಡಿಮೆ ಎಂದು ಆ ಉಪಕರಣ ತೋರಿಸಿಕೊಟ್ಟಿತು. ಫ್ರಾನ್ಸಿನೊಂದಿಗಿನ ಯುದ್ಧದ ಖರ್ಚಿಗೆಂದು ಮಾಲ್ಟಿನ ಮೇಲಿನ ತೆರಿಗೆಯೂ ಏರಿತ್ತು. ತಯಾರಕರು ತಿಳಿ ಮಾಲ್ಟಿಗೆ ಹೊರಳಿದರು. ಲಾಭ ಉಳಿಯಿತು, ಬಣ್ಣ ಹೋಯಿತು. ಗಿರಾಕಿಗೆ ಗೊತ್ತಾಗದಿರಲೆಂದು ಸುಟ್ಟ ಸಕ್ಕರೆ ಬೆರೆಸಿದರು. 1816ರ ಕಾನೂನು ಅದಕ್ಕೂ ತಡೆ ಹಾಕಿತು: ಮಾಲ್ಟ್ ಮತ್ತು ಹಾಪ್ಸ್ ಬಿಟ್ಟು ಬೇರೇನನ್ನೂ ಬಳಸುವಂತಿಲ್ಲ.

ಮರುವರ್ಷವೇ, 1817ರಲ್ಲಿ, ಡೇನಿಯಲ್ ವೀಲರ್ ಎಂಬಾತ ಒಂದು ಪೇಟೆಂಟ್ ಪಡೆದ. ಕಾಫಿಬೀಜ ಹುರಿಯುವ ಯಂತ್ರದಂಥ ತಿರುಗುವ ಉರುಳೆಯಲ್ಲಿ ಮಾಲ್ಟನ್ನು ಕಪ್ಪಾಗುವವರೆಗೆ ಹುರಿಯುವ ವಿಧಾನ ಅದು. ಇಂಥ ಮಾಲ್ಟ್ ಚೂರೇ ಚೂರು ಸೇರಿಸಿದರೂ ಇಡೀ ಪಾತ್ರೆ ಕಪ್ಪಾಗುತ್ತಿತ್ತು. ಮಾಲ್ಟೇ ಆದ್ದರಿಂದ ಕಾನೂನಿನ ಅಡ್ಡಿಯೂ ಇರಲಿಲ್ಲ. ನಾವು ‘ಹಳೆಯದು’ ಎನ್ನುವ ಕಾಫಿಯ ಕಹಿ ಸ್ಟೌಟಿಗೆ ಬಂದದ್ದು ಈ ದಾರಿಯಿಂದ. ಇನ್ನು ಮೊಳಕೆ ಬರಿಸದೆಯೇ ಹುರಿದ ಬಾರ್ಲಿ, ಇಂದಿನ ಐರಿಷ್ ಸ್ಟೌಟಿನ ಗುರುತು, ಕಾನೂನಿಗೆ ಒಪ್ಪಿತವಾದದ್ದು 1880ರಲ್ಲಿ ಮಾಲ್ಟ್ ತೆರಿಗೆ ರದ್ದಾದ ಮೇಲೆ.

ಹಾಗಾದರೆ ಹಮಾಲರು ಕುಡಿದ ರುಚಿ ಯಾವುದು? ಪೋರ್ಟರನ್ನು ದೊಡ್ಡ ಮರದ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಹಳತಾಗಿಸುತ್ತಿದ್ದರು. ಹಾಗೆ ಹಳತಾದ ಇಂಗ್ಲಿಷ್ ಬಿಯರಿನ ಪರಿಮಳಕ್ಕೆ ಕಾರಣವಾದ ಯೀಸ್ಟನ್ನು ಡೆನ್ಮಾರ್ಕಿನ ಕ್ಲಾಸೆನ್ 1904ರಲ್ಲಿ ಗುರುತಿಸಿ ‘ಬ್ರೆಟ್ಟನೋಮೈಸಿಸ್’ ಎಂದು ಹೆಸರಿಟ್ಟ. ಹುಳಿ, ಹೊಗೆ, ಹಳೆಯ ಮರದ ವಾಸನೆ ಬೆರೆತ ಆ ರುಚಿ ಇಂದಿನ ಬಹುಪಾಲು ಸ್ಟೌಟುಗಳಲ್ಲಿ ಇಲ್ಲ.

ತಯಾರಕರ ಲೆಕ್ಕಪುಸ್ತಕ ಉಳಿದಿದೆ, ಪೇಟೆಂಟ್ ಉಳಿದಿದೆ, ತೆರಿಗೆಯ ಕಾನೂನು ಉಳಿದಿದೆ. ಮೂಟೆ ಇಳಿಸಿ ಬಂದು ಲೋಟ ಎತ್ತಿದವನಿಗೆ ಬದಲಾದ ಬಿಯರ್ ಹೇಗನ್ನಿಸಿತು ಎಂಬುದನ್ನು ಈ ಕಾಗದಗಳು ಹೇಳುವುದಿಲ್ಲ. ನಮ್ಮ ನಾಲಿಗೆಯ ಮೇಲಿನ ಕಹಿಯೂ ತೆರಿಗೆಯವರ, ಯಂತ್ರದವರ ಕಥೆಯನ್ನೇ ಹೇಳುತ್ತದೆ. ಪರಂಪರೆ ಎಂಬ ಚೀಟಿ ಅಂಟಿಸಿದ ಯಾವ ರುಚಿಯನ್ನಾದರೂ ಸವಿಯುವಾಗ ಇಷ್ಟು ಕೇಳಿಕೊಳ್ಳುವುದು ಒಳ್ಳೆಯದು: ಇದನ್ನು ಹೀಗೆ ಮಾಡಿದ್ದು ಯಾರ ಅನುಕೂಲಕ್ಕೆ?