ಸೃಷ್ಟಿಕರ್ತನಿಲ್ಲದ ಧರ್ಮ, ನಾಸ್ತಿಕತೆ ಮತ್ತು ಚಿಕ್ಕೋಡಿ ಸೀಮೆ

ನಾಸ್ತಿಕತೆ ತಾನೇ ಒಂದು ನಂಬಿಕೆಯ ವ್ಯವಸ್ಥೆಯೇ ಎಂಬ ಪ್ರಶ್ನೆಯೊಳಗೆ ಎರಡು ಬೇರೆ ಮಾತುಗಳು ಬೆರೆತಿವೆ. ಜಗತ್ತನ್ನು ಸೃಷ್ಟಿಸಿ ಆಳುವ ದೇವರಿಲ್ಲ ಎನ್ನುವುದು ಒಂದು ಮಾತು. ಹಾಗಾದರೆ ಜಗತ್ತು ನಡೆಯುವುದು ಹೇಗೆ, ಬಾಳುವುದು ಹೇಗೆ, ಸತ್ತ ಮೇಲೆ ಏನು ಎಂಬುದಕ್ಕೆ ಉತ್ತರ ಕಟ್ಟಿಕೊಡುವುದು ಇನ್ನೊಂದು. ಮೊದಲನೆಯದನ್ನು ಒಪ್ಪಿದವರು ಎರಡನೆಯದರಲ್ಲಿ ಒಂದೇ ದಾರಿ ಹಿಡಿದಿಲ್ಲ. ಇದನ್ನು ಕಣ್ಣಾರೆ ಕಾಣಲು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಷ್ಟು ತಕ್ಕ ನೆಲ ಕರ್ನಾಟಕದಲ್ಲಿ ವಿರಳ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಈ ಬಯಲಿನಲ್ಲಿ ಒಕ್ಕಲುತನ ಮಾಡುವ ದಿಗಂಬರ ಜೈನ ಮನೆತನಗಳು ತಲೆಮಾರುಗಳಿಂದ ನೆಲೆಸಿವೆ. ಸೃಷ್ಟಿಕರ್ತನನ್ನು ಒಪ್ಪದ ಧರ್ಮವೊಂದು ಇಲ್ಲಿ ಹೊಲ, ಮನೆ, ಮದುವೆ, ಹಬ್ಬಗಳ ಜೊತೆ ಬೆರೆತು ಬದುಕಿದೆ.

ಭಾರತೀಯ ಚಿಂತನೆಯಲ್ಲಿ ನಾಸ್ತಿಕರು ಯಾರೆಂಬುದರ ಗಡಿ ಮೊದಲಿನಿಂದಲೂ ಸರಿದಾಡಿದೆ. ಮನುಸ್ಮೃತಿಗೆ ವೇದನಿಂದಕನೇ ನಾಸ್ತಿಕ; ಆ ಲೆಕ್ಕದಲ್ಲಿ ಜೈನರೂ ಬೌದ್ಧರೂ ನಾಸ್ತಿಕರು. ಎಂಟನೆಯ ಶತಮಾನದ ಜೈನಾಚಾರ್ಯ ಹರಿಭದ್ರರು ‘ಷಡ್ದರ್ಶನಸಮುಚ್ಚಯ’ದಲ್ಲಿ ಈ ಗಡಿಯನ್ನೇ ಬದಲಿಸಿದರು. ಅವರ ಎಣಿಕೆಯಲ್ಲಿ ಜೈನ, ಬೌದ್ಧ ಮತಗಳೂ ಆಸ್ತಿಕ ದರ್ಶನಗಳೇ. ಹೊರಗುಳಿದದ್ದು ಪರಲೋಕವನ್ನೂ ಪುಣ್ಯಪಾಪಗಳನ್ನೂ ಅಲ್ಲಗಳೆದ ಲೋಕಾಯತ ಮಾತ್ರ. ವೇದವನ್ನು ಪ್ರಮಾಣವೆಂದು ಎತ್ತಿಹಿಡಿದ ಮೀಮಾಂಸಕರಲ್ಲೇ ಕುಮಾರಿಲ ಭಟ್ಟರಂಥವರು ಸೃಷ್ಟಿಕರ್ತನ ವಾದವನ್ನು ಖಂಡಿಸಿದ್ದರಿಂದ, ಈಶ್ವರನ ಪ್ರಶ್ನೆ ಆಸ್ತಿಕ–ನಾಸ್ತಿಕ ವಿಂಗಡಣೆಯ ತಿರುಳೇ ಆಗಿರಲಿಲ್ಲ ಎನ್ನಬಹುದು.

ಲೋಕಾಯತರಿಗೂ ತಮ್ಮದೇ ನಿಲುವುಗಳಿದ್ದವು: ಕಣ್ಣಿಗೆ ಕಂಡದ್ದೇ ಪ್ರಮಾಣ, ದೇಹವಳಿದ ಮೇಲೆ ಚೈತನ್ಯವಿಲ್ಲ. ಆದರೆ ಅದೇ ಪರಂಪರೆಯವನೆನ್ನಲಾಗುವ ಜಯರಾಶಿ ಭಟ್ಟನ ‘ತತ್ತ್ವೋಪಪ್ಲವಸಿಂಹ’ ಅದನ್ನೂ ಉಳಿಸುವುದಿಲ್ಲ. ಪ್ರತ್ಯಕ್ಷ ಪ್ರಮಾಣವನ್ನೂ ಅದು ಪ್ರಶ್ನೆಗೆ ಒಡ್ಡುತ್ತದೆ. ಗುಜರಾತಿನ ಪಾಟಣದಲ್ಲಿ ಸಿಕ್ಕ ತಾಳೆಗರಿಯಿಂದ 1940ರಲ್ಲಿ ಅಚ್ಚಾದ ಈ ಗ್ರಂಥ, ನಿರಾಕರಣೆಯಿಂದ ಹೊಸ ಮತ ಹುಟ್ಟಲೇಬೇಕೆಂದಿಲ್ಲ ಎಂಬುದಕ್ಕೆ ಗಟ್ಟಿ ಸಾಕ್ಷಿ.

ಜೈನರದು ಇದಕ್ಕೆ ತೀರ ಬೇರೆಯ ದಾರಿ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜಿನಸೇನಾಚಾರ್ಯರು ಸೃಷ್ಟಿಕರ್ತನ ವಾದವನ್ನು ಒಂದೊಂದೇ ಪ್ರಶ್ನೆಯಿಂದ ಕೆಡವುತ್ತಾರೆ. ಸೃಷ್ಟಿಗೆ ಮೊದಲು ಕರ್ತೃ ಎಲ್ಲಿದ್ದ? ಯಾವ ಸಾಮಗ್ರಿಯಿಂದ ಸೃಷ್ಟಿಸಿದ? ಕೊರತೆಯೇ ಇಲ್ಲದವನಿಗೆ ಸೃಷ್ಟಿಸುವ ಬಯಕೆ ಏಕೆ ಬಂತು? ಇಂದಿನ ಯಾವ ವಿಚಾರವಾದಿಯೂ ಇದಕ್ಕಿಂತ ಮೊನಚಾಗಿ ಕೇಳಲಾರ. ಆದರೂ ಈ ಪ್ರಶ್ನೆಗಳು ಬರುವುದು ‘ಮಹಾಪುರಾಣ’ ಎಂಬ ಧರ್ಮಗ್ರಂಥದಲ್ಲಿ. ಕರ್ತೃವನ್ನು ತೆಗೆದ ಜಾಗವನ್ನು ಅಲ್ಲಿ ಅನಾದಿಯಾದ ಲೋಕ, ಕರ್ಮ, ಪುನರ್ಜನ್ಮ, ಅಹಿಂಸೆ, ಮೋಕ್ಷ ತುಂಬುತ್ತವೆ. ಹನ್ನೆರಡನೆಯ ಶತಮಾನದ ಬ್ರಹ್ಮಶಿವ ಕನ್ನಡದ ‘ಸಮಯಪರೀಕ್ಷೆ’ಯಲ್ಲಿ ಅನ್ಯ ದೈವಗಳನ್ನೂ ಮೂಢ ಆಚರಣೆಗಳನ್ನೂ ಕಟುವಾಗಿ ಟೀಕಿಸಿದ್ದು ಸಹ ಜಿನಧರ್ಮವನ್ನು ಎತ್ತಿಹಿಡಿಯುವುದಕ್ಕೇ.

ಆಚರಣೆಯಲ್ಲಿ ಈ ಸಿದ್ಧಾಂತ ಹೇಗಿದೆ ಎಂಬುದನ್ನು ನಿಪ್ಪಾಣಿ ಹತ್ತಿರದ ತವನಿಧಿಯಲ್ಲಿ, ಅಂದರೆ ಸ್ತವನಿಧಿ ಕ್ಷೇತ್ರದಲ್ಲಿ ನೋಡಬಹುದು. ಪಾರ್ಶ್ವನಾಥನಿಗೆ ಅಲ್ಲಿ ಪೂಜೆ ಸಲ್ಲುತ್ತದೆ. ಆದರೆ ಸಿದ್ಧಾಂತದ ಪ್ರಕಾರ ವೀತರಾಗನಾದ, ಅಂದರೆ ರಾಗದ್ವೇಷಗಳನ್ನು ಕಳೆದುಕೊಂಡ ಜಿನ ಯಾರಿಗೂ ಏನನ್ನೂ ಕೊಡುವವನಲ್ಲ. ಪಂಚನಮಸ್ಕಾರ ಮಂತ್ರವೂ ಅರಿಹಂತರಿಂದ ಸಾಧುಗಳವರೆಗೆ ಐವರಿಗೆ ವಂದಿಸುತ್ತದೆಯೇ ಹೊರತು ಏನನ್ನೂ ಬೇಡುವುದಿಲ್ಲ. ಹರಕೆ ಹೊತ್ತವರು ನಡೆದುಕೊಳ್ಳುವುದು ಅದೇ ಕ್ಷೇತ್ರದ ಕಾವಲು ದೈವವಾದ ಬ್ರಹ್ಮದೇವರಿಗೆ. ಬೇಡಿಕೊಳ್ಳಲು ಒಂದು ದೈವ ಬೇಕೆಂಬ ಜನರ ಹಂಬಲಕ್ಕೆ ಸೃಷ್ಟಿಕರ್ತನನ್ನು ಒಪ್ಪದ ಧರ್ಮವೂ ಎಡೆ ಮಾಡಿಕೊಟ್ಟಿದೆ.

ಇದೇ ಸ್ತವನಿಧಿಯಲ್ಲಿ 1899ರಲ್ಲಿ ಇಂದಿನ ದಕ್ಷಿಣ ಭಾರತ ಜೈನ ಸಭೆ ಹುಟ್ಟಿತು. ಶಿಕ್ಷಣ, ವಿದ್ಯಾರ್ಥಿನಿಲಯ, ಸಮಾಜ ಸುಧಾರಣೆಗಳ ಮೂಲಕ ಅದು ಜೈನರನ್ನು ಸಂಘಟಿತ ಸಮುದಾಯವಾಗಿಸಿತು. ವಿದ್ವತ್ತಿನ ಕೆಲಸ ಚಿಕ್ಕೋಡಿ ತಾಲ್ಲೂಕಿನ ಸದಲಗಾದಲ್ಲಿ ಹುಟ್ಟಿದ ಆ.ನೇ. ಉಪಾಧ್ಯೆ ಅವರಿಂದ ನಡೆಯಿತು. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಕೃತ ಕಲಿಸುತ್ತಿದ್ದ ಅವರು 1935ರಲ್ಲಿ ಕುಂದಕುಂದರ ‘ಪ್ರವಚನಸಾರ’ವನ್ನು ಸುದೀರ್ಘ ಪ್ರಸ್ತಾವನೆಯೊಂದಿಗೆ ಸಂಪಾದಿಸಿದರು. ಕಾಗವಾಡ ತಾಲ್ಲೂಕಿನ ಶೇಡಬಾಳದ ಕಾದಂಬರಿಕಾರ ಮಿರ್ಜಿ ಅಣ್ಣಾರಾಯರು ‘ಜೈನಧರ್ಮ’ವನ್ನು ಕನ್ನಡದಲ್ಲಿ ವಿವರಿಸಿದರು. ಮುನಿಪರಂಪರೆಗೂ ಈ ನೆಲ ಫಲವತ್ತಾದದ್ದು. ಭೋಜದ ಮನೆತನದ ಆಚಾರ್ಯ ಶಾಂತಿಸಾಗರರು, ಶೇಡಬಾಳದ ವಿದ್ಯಾನಂದರು, 1946ರಲ್ಲಿ ಸದಲಗಾದಲ್ಲಿ ಹುಟ್ಟಿ 2024ರ ಫೆಬ್ರವರಿಯಲ್ಲಿ ಛತ್ತೀಸಗಢದ ಡೋಂಗರಗಢದಲ್ಲಿ ಸಲ್ಲೇಖನದಿಂದ, ಅಂದರೆ ಉಪವಾಸ ವ್ರತದಿಂದ ದೇಹ ಬಿಟ್ಟ ವಿದ್ಯಾಸಾಗರರು ಇಲ್ಲಿಯವರೇ. ಜೈನರನ್ನು ಕೇವಲ ನಾಸ್ತಿಕರೆಂದು ಕರೆದರೆ ಇಂಥ ತಪಸ್ಸಿನ ಬದುಕು ಅರ್ಥವಾಗುವುದೇ ಇಲ್ಲ.

ಪುರೋಹಿತರನ್ನು ನಿರಾಕರಿಸಿದವರೆಲ್ಲ ದೇವರನ್ನು ನಿರಾಕರಿಸಿದವರೂ ಅಲ್ಲ. ಕೊಲ್ಹಾಪುರ ಸೀಮೆಯಲ್ಲಿ ಬೇರೂರಿದ ಸತ್ಯಶೋಧಕ ಚಳವಳಿಯ ಮೂಲಪುರುಷ ಜ್ಯೋತಿಬಾ ಫುಲೆ ‘ನಿರ್ಮಿಕ’ನೆಂಬ ಸೃಷ್ಟಿಕರ್ತನನ್ನು ಒಪ್ಪಿದ್ದರು. 1925ರಲ್ಲಿ ನಿಪ್ಪಾಣಿಯ ಬಹಿಷ್ಕೃತ ಪರಿಷತ್ತಿನ ಅಧ್ಯಕ್ಷರಾಗಿದ್ದ ಅಂಬೇಡ್ಕರರು 1956ರಲ್ಲಿ ನಾಗಪುರದಲ್ಲಿ ಬೌದ್ಧರಾದಾಗ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಹಳೆಯ ದೇವತೆಗಳ ನಿರಾಕರಣೆಯೂ ಇದೆ, ಹೊಸ ಶೀಲದ ಸ್ವೀಕಾರವೂ ಇದೆ. ಬರಿಯ ನಿರಾಕರಣೆ ಒಂದು ಸಮುದಾಯದ ಬಾಳಿಗೆ ಸಾಲದೆಂಬುದನ್ನು ಅವರು ಚೆನ್ನಾಗಿ ಅರಿತಿದ್ದರು.

ದೇವರಿಲ್ಲದೆ ಧರ್ಮವಿರಬಹುದೇ ಎಂಬ ಪ್ರಶ್ನೆ ಕಾನೂನಿನಲ್ಲಿ ಉಡುಪಿಯ ಶೀರೂರು ಮಠದ ಮೊಕದ್ದಮೆಯಲ್ಲಿ ಬಂತು. ಧರ್ಮವೆನಿಸಿಕೊಳ್ಳಲು ದೇವರಲ್ಲಿ ನಂಬಿಕೆ ಇರಲೇಬೇಕೆಂದಿಲ್ಲ ಎಂದು 1954ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬೌದ್ಧ, ಜೈನ ಧರ್ಮಗಳನ್ನೇ ಉದಾಹರಿಸಿತು. ಯಾವ ಧರ್ಮಕ್ಕೂ ಸೇರಿಲ್ಲವೆಂದು ಹೇಳಿಕೊಳ್ಳುವ ಹಕ್ಕೂ ಸಂವಿಧಾನದ 25ನೇ ವಿಧಿಯ ಅಂತಃಸಾಕ್ಷಿ ಸ್ವಾತಂತ್ರ್ಯದಲ್ಲಿ ಸೇರಿದೆ ಎಂದು ಬಾಂಬೆ ಹೈಕೋರ್ಟ್ 2014ರಲ್ಲಿ ತೀರ್ಪಿತ್ತಿತು.

ಆಧುನಿಕ ವಿಚಾರವಾದ ಈ ಧರ್ಮಗಳಿಗಿಂತ ಬೇರೆ ಬಗೆಯದು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ರಚಿಸಿದ ಪವಾಡ ಪರಿಶೀಲನಾ ಸಮಿತಿ ಪುರಾವೆಯನ್ನು ಕೇಳಿತು, ಮತವನ್ನು ಸಾರಲಿಲ್ಲ. ಎ.ಎನ್. ಮೂರ್ತಿರಾವ್ ‘ದೇವರು’ ಕೃತಿಯಲ್ಲಿ ದೇವರ ಅಸ್ತಿತ್ವದ ವಾದಗಳನ್ನು ಸಮಾಧಾನದಿಂದಲೇ ತೂಗಿ ನೋಡಿದರು. ನರೇಂದ್ರ ದಾಭೋಳ್ಕರ್ 1989ರಲ್ಲಿ ಕಟ್ಟಿದ ಮಹಾರಾಷ್ಟ್ರ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ವಿರೋಧ ದೇವರಿಗಲ್ಲ, ದೇವರ ಹೆಸರಿನ ಶೋಷಣೆಗೆ. ದಾಭೋಳ್ಕರ್ 2013ರಲ್ಲಿ ಪುಣೆಯಲ್ಲಿ, ಗೋವಿಂದ ಪಾನ್ಸರೆ 2015ರಲ್ಲಿ ಕೊಲ್ಹಾಪುರದಲ್ಲಿ, ಎಂ.ಎಂ. ಕಲಬುರ್ಗಿ ಅದೇ ವರ್ಷ ಧಾರವಾಡದಲ್ಲಿ ಗುಂಡೇಟಿಗೆ ಗುರಿಯಾಗಿ ಪ್ರಾಣ ಕಳೆದುಕೊಂಡರು. ಪ್ರಶ್ನೆ ಕೇಳಿದವರು ತೆತ್ತ ಈ ಬೆಲೆಯನ್ನು ಕರ್ನಾಟಕ–ಮಹಾರಾಷ್ಟ್ರ ಗಡಿಯ ಎರಡೂ ಕಡೆಯ ಜನ ಮರೆಯಬಾರದು. ರಾಜಕಾರಣಿ ಸತೀಶ ಜಾರಕಿಹೊಳಿ ಅವರ ಮಾನವ ಬಂಧುತ್ವ ವೇದಿಕೆ ಡಿಸೆಂಬರ್ 6ರಂದು ಬೆಳಗಾವಿಯ ಸದಾಶಿವನಗರ ಸ್ಮಶಾನದಲ್ಲಿ ಮೌಢ್ಯವಿರೋಧಿ ಕಾರ್ಯಕ್ರಮ ನಡೆಸುತ್ತ ಬಂದಿದ್ದು, ಅದಕ್ಕೆ ಬುದ್ಧ, ಬಸವ, ಅಂಬೇಡ್ಕರರೇ ಆದರ್ಶ. ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆ ಸಹ ಅಮಾನವೀಯ ಆಚರಣೆಗಳನ್ನು ತಡೆದು, ಪೂಜೆ, ಯಾತ್ರೆ, ಹರಿಕಥೆಗಳನ್ನು ಮುಟ್ಟದೆ ಬಿಟ್ಟಿದೆ.

ಜನಗಣತಿ ಮಾತ್ರ ಈ ವ್ಯತ್ಯಾಸಗಳನ್ನು ತನ್ನದೇ ರೀತಿಯಲ್ಲಿ ಬಗೆಹರಿಸಿದೆ. 2011ರಲ್ಲಿ ಜೈನರಿಗೆ ಪ್ರತ್ಯೇಕ ಸಂಕೇತವಿತ್ತು. ತಾವು ನಾಸ್ತಿಕರೆಂದು ಬರೆಸಿದವರು ದೇಶದಲ್ಲಿ ಸುಮಾರು 33 ಸಾವಿರ. ಅವರ ಲೆಕ್ಕ ಸಿಗುವುದು ‘ಇತರ ಧರ್ಮಗಳು ಮತ್ತು ಪಂಥಗಳು’ ಎಂಬ ಪಟ್ಟಿಯಲ್ಲಿ. ಧರ್ಮವನ್ನೇ ತಿಳಿಸದ 28 ಲಕ್ಷಕ್ಕೂ ಹೆಚ್ಚು ಜನರನ್ನು ಬೇರೆಯಾಗಿ ಎಣಿಸಲಾಯಿತು.