ಹಿಟ್ಟಿನುಂಡೆಯಿಂದ ಮರದ ಮೀನಿಗೆ

ಹೈದರಾಬಾದಿನ ಪಶ್ಚಿಮಕ್ಕಿರುವ ಬಸವಕಲ್ಯಾಣ 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, ತನ್ನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಗಾಳದ ಬೇಟೆಗೆಂದೇ ‘ಮತ್ಸ್ಯವಿನೋದ’ವನ್ನು ಬರೆದ. ಯಾವ ಮೀನಿಗೆ ಹಿಟ್ಟಿನುಂಡೆ, ಯಾವುದಕ್ಕೆ ಮಾಂಸ ಎಂದು ವಿಂಗಡಿಸುವಲ್ಲಿ ಅರಸನಿಗಿಂತ ಅಡುಗೆಭಟ್ಟನ ಶ್ರದ್ಧೆಯೇ ಕಾಣುತ್ತದೆ.

ಕೃತಕ ಎರೆಗೆ ರುಚಿ ಬೇಕಿಲ್ಲ, ಚಲನೆ ಬೇಕು. ಈಗ ಮನೆಯಲ್ಲೇ ಅದನ್ನು ಮಾಡುವವರು ಹಗುರ ಮರವನ್ನು ಮೀನಿನ ಆಕಾರಕ್ಕೆ ಕೆತ್ತಿ, ಹೊಟ್ಟೆಯಲ್ಲಿ ಸೀಸದ ತುಣುಕು ಹುದುಗಿಸಿ, ನೀರು ಹೀರದಂತೆ ಎಪಾಕ್ಸಿ ರಾಳ ಬಳಿಯುತ್ತಾರೆ. ಬಾಯಿಯ ಕೆಳಗೆ ಕೂರಿಸಿದ ಪುಟ್ಟ ಹಲಗೆಗೆ ನೀರು ಒತ್ತಿದಾಗ ಮರ ಗಾಯಗೊಂಡ ಮೀನಿನಂತೆ ಒದ್ದಾಡುತ್ತದೆ. ಆ ಓರೆ ಸ್ವಲ್ಪ ತಪ್ಪಿದರೂ ಬರೀ ಕಡ್ಡಿ. ಮೆತ್ತನೆಯ ಪ್ಲಾಸ್ಟಿಕನ್ನು ಕಾಯಿಸಿ ಅಚ್ಚಿಗೆ ಸುರಿದರೆ ಕಪ್ಪೆ.

ಆ ಕಪ್ಪೆಯ ಮೇಲೆ ಎರಗುವುದು ತೆಲಂಗಾಣದ ರಾಜ್ಯ ಮೀನಾದ ಕೊರ್ರಮೀನು. ಹಸಿದಾಗ ಎರಗುವುದು ಸಹಜ. ಆದರೆ ಮರಿಗಳ ಹಿಂಡನ್ನು ಕಾಯುವಾಗ ಅದು ಹಸಿವಿಲ್ಲದೆಯೂ ಹತ್ತಿರ ಬಂದದ್ದನ್ನೆಲ್ಲ ಹೊಡೆಯುತ್ತದೆ. ಸೋಮೇಶ್ವರನ ಉಂಡೆಗೆ ಈ ಸಿಟ್ಟನ್ನು ಕೆರಳಿಸುವ ಶಕ್ತಿ ಇರಲಿಲ್ಲ. ಕಾವಲಿನ ಮೀನು ಗಾಳಕ್ಕೆ ಸಿಕ್ಕರೆ, ಮರಿಗಳು ಉಳಿದ ಮೀನುಗಳ ಪಾಲು.