ಒನೊಂಟಿಯೊ ಎಂಬ ಅಪ್ಪ

1636ರಿಂದ 1648ರವರೆಗೆ ಕ್ವಿಬೆಕ್‌ನಲ್ಲಿ ಕುಳಿತು ಉತ್ತರ ಅಮೆರಿಕದ ಫ್ರೆಂಚ್ ವಸಾಹತು ನ್ಯೂ ಫ್ರಾನ್ಸನ್ನು ಆಳಿದ ಗವರ್ನರನ ಹೆಸರು ಮೊಂಮಾನ್ಯಿ. ಬಿಡಿಸಿದರೆ ‘ದೊಡ್ಡ ಬೆಟ್ಟ’. ಹ್ಯೂರಾನ್, ಇರೊಕ್ವಾ ಜನ ಅದನ್ನು ತಮ್ಮ ನುಡಿಗೆ ತಿರುಗಿಸಿ ‘ಒನೊಂಟಿಯೊ’ ಎಂದರು. ಆತ ಫ್ರಾನ್ಸಿಗೆ ಮರಳಿದರೂ ಹೆಸರು ಅಲ್ಲೇ ಉಳಿಯಿತು. ಆಮೇಲೆ ಬಂದ ಗವರ್ನರುಗಳೆಲ್ಲ ಒನೊಂಟಿಯೊಗಳೇ; ಫ್ರಾನ್ಸಿನ ದೊರೆ ದೊಡ್ಡ ಒನೊಂಟಿಯೊ. ಪೆನ್ಸಿಲ್ವೇನಿಯಾದ ಗವರ್ನರುಗಳದ್ದೂ ಇದೇ ಕಥೆ. ಆ ವಸಾಹತು ಕಟ್ಟಿದ ವಿಲಿಯಂ ಪೆನ್ನನ ಹೆಸರಿನಲ್ಲಿ ಲೇಖನಿ ಕಂಡ ಇರೊಕ್ವಾಗಳು ಅವರನ್ನೆಲ್ಲ ‘ಒನಾಸ್’, ಅಂದರೆ ಗರಿ, ಎಂದು ಕರೆದರು. ಮಾತುಕತೆ ಯಾರ ಅಂಗಳದಲ್ಲಿ ನಡೆಯುತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಇತಿಹಾಸಕಾರ ರಿಚರ್ಡ್ ವೈಟ್ 1991ರಲ್ಲಿ ಪ್ರಕಟಿಸಿದ ‘ದಿ ಮಿಡಲ್ ಗ್ರೌಂಡ್’ ಕೃತಿಯಲ್ಲಿ ಈ ಒನೊಂಟಿಯೊ ಮತ್ತೆ ಮತ್ತೆ ಬರುತ್ತಾನೆ, ಅದೂ ‘ತಂದೆ’ಯಾಗಿ. ಫ್ರೆಂಚರಿಗೆ ಅಪ್ಪನೆಂದರೆ ಮಾತು ನಡೆಸುವ ಯಜಮಾನ. ಮಹಾಸರೋವರಗಳ ಸುತ್ತಲಿನ ಆಲ್ಗಾಂಕಿಯನ್ ಜನರಿಗೋ, ಅಪ್ಪ ಬಟ್ಟೆ, ಮದ್ದುಗುಂಡು ಕೊಡುವವನು, ಮಕ್ಕಳ ಜಗಳ ಬಿಡಿಸುವವನು. ಇರೊಕ್ವಾಗಳಲ್ಲಂತೂ ವಂಶ ತಾಯಿಯ ಕಡೆಯದು, ಅಧಿಕಾರ ಸೋದರಮಾವನದು. (ಅಳಿಯಸಂತಾನ ಬಲ್ಲ ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸಬೇಕಿಲ್ಲ.) ಒಬ್ಬರನ್ನೊಬ್ಬರು ಬಲವಂತದಿಂದ ಬಗ್ಗಿಸಲಾಗದ ಕಡೆ ಇಂಥ ತಪ್ಪು ಗ್ರಹಿಕೆಗಳೇ ಮೈತ್ರಿಯನ್ನು ಕಟ್ಟಿದವು ಎನ್ನುತ್ತಾರೆ ವೈಟ್.

ಆ ‘ತಪ್ಪು’ ಎಂಬ ಮಾತಿಗೆ ನನ್ನದೊಂದು ತಕರಾರಿದೆ. ಬುಡಕಟ್ಟಿನ ಮುಖಂಡರು ತಿಳಿಯದೆ ‘ಅಪ್ಪ’ ಅಂದವರಲ್ಲ. 1688ರಲ್ಲಿ ಆಲ್ಬನಿಯಲ್ಲಿ ಇಂಗ್ಲಿಷ್ ಗವರ್ನರ್ ಆಂಡ್ರೋಸ್ ಇರೊಕ್ವಾಗಳನ್ನು ‘ಮಕ್ಕಳೇ’ ಎಂದಾಗ, ಮೊದಲಿನಂತೆ ‘ಸಹೋದರರು’ ಎಂದೇ ಇರಲಿ ಎಂದು ಅವರು ತಿದ್ದಿದರು. ಯಾವ ನಂಟು ಯಾವ ಹೊಣೆ ಹೊರಿಸುತ್ತದೆಂದು ಬಲ್ಲವರು ಆಡುವ ಮಾತದು. 1701ರಲ್ಲಿ ಮಾಂಟ್ರಿಯಲ್‌ಗೆ ಸುಮಾರು 40 ರಾಷ್ಟ್ರಗಳ 1,300 ಪ್ರತಿನಿಧಿಗಳು ಬಂದಾಗ ಒನೊಂಟಿಯೊ ಆಗಿದ್ದ ಕಾಲಿಯೇರ್ ಮಾಡಿದ್ದೂ ಅವರು ಬಯಸಿದ ಅಪ್ಪನ ಕೆಲಸವನ್ನೇ: ಕೂರಿಸಿ ರಾಜಿ ಮಾಡಿಸುವುದು.

1760ರಲ್ಲಿ ಫ್ರೆಂಚರು ಸೋತರು. ಗೆದ್ದ ಬ್ರಿಟಿಷ್ ಜನರಲ್ ಆಮ್ಹರ್ಸ್ಟ್‌ಗೆ ಬುಡಕಟ್ಟುಗಳಿಗೆ ಕೊಡುತ್ತಿದ್ದ ಉಡುಗೊರೆಗಳು ಲಂಚದಂತೆ ಕಂಡವು, ನಿಲ್ಲಿಸಿಬಿಟ್ಟ. 1763ರಲ್ಲಿ ಬ್ರಿಟಿಷರ ವಿರುದ್ಧ ಬುಡಕಟ್ಟು ಮುಖಂಡ ಪಾಂಟಿಯಾಕ್‌ನ ಯುದ್ಧ ಹೊತ್ತಿಕೊಂಡಿತು, ಸರೋವರಗಳ ಸುತ್ತಲಿನ ಕೋಟೆಗಳು ಒಂದಾದಮೇಲೊಂದು ಬಿದ್ದವು. ಹಳೆಯ ಫ್ರೆಂಚ್ ತಂದೆ ಮರಳಿ ಬರುತ್ತಾನೆಂದು ಪಾಂಟಿಯಾಕ್ ನಂಬಿದ್ದ. ತಂದೆ ಬರಲಿಲ್ಲ. ಆಮ್ಹರ್ಸ್ಟ್‌ನನ್ನು ಇಂಗ್ಲೆಂಡಿಗೆ ಕರೆಸಿಕೊಂಡರು. 1764ರ ಬೇಸಿಗೆಯಲ್ಲಿ ಬ್ರಿಟಿಷ್ ಅಧಿಕಾರಿ ವಿಲಿಯಂ ಜಾನ್ಸನ್ ನಯಾಗರಾದಲ್ಲಿ ಸಭೆ ಕರೆದು, ಬ್ರಿಟಿಷ್ ದೊರೆಯ ಹೆಸರಿನಲ್ಲಿ ಉಡುಗೊರೆ ಹಂಚಿದ.